ಅಗಲ ಪರದೆಗೆ ತಕ್ಕ ಕೇಬಲ್

34 ಇಂಚಿನ ಅಲ್ಟ್ರಾವೈಡ್ ಮಾನಿಟರ್ ಮೇಜಿನ ಮೇಲೆ ಸುಮಾರು 80 ಸೆಂಟಿಮೀಟರ್ ಜಾಗ ಹಿಡಿಯುತ್ತದೆ. ಒಂದು ಬದಿಗೆ ಎಕ್ಸೆಲ್ ಶೀಟು, ಇನ್ನೊಂದು ಬದಿಗೆ ಇಮೇಲ್ ತೆರೆದಿಟ್ಟುಕೊಂಡು ಕೆಲಸ ಮಾಡುವವರಿಗೆ ಇದು ನಿಜಕ್ಕೂ ವರದಾನ.

ಆದರೆ ಲ್ಯಾಪ್‌ಟಾಪಿಗೆ ಜೋಡಿಸಿದ ಕೂಡಲೇ ಹಲವರಿಗೆ ನಿರಾಸೆಯಾಗುತ್ತದೆ. ಅಕ್ಷರ ಮಸುಕು, ಇಲ್ಲವೇ ಎರಡೂ ಪಕ್ಕ ಕಪ್ಪು ಪಟ್ಟಿ. ತಪ್ಪು ಹೆಚ್ಚಾಗಿ ಮಾನಿಟರಿನದಲ್ಲ. ಇಂಥ ಮಾನಿಟರುಗಳಲ್ಲಿ ಸಾಮಾನ್ಯವಾದ 3440×1440 ರೆಸಲ್ಯೂಶನ್ ಎಂದರೆ ಸುಮಾರು 49.5 ಲಕ್ಷ ಪಿಕ್ಸೆಲ್, ಫುಲ್ ಎಚ್‌ಡಿ ಪರದೆಯ ಎರಡು ಪಟ್ಟಿಗೂ ಹೆಚ್ಚು. ಹಳೆಯ ಎಚ್‌ಡಿಎಂಐ 1.4 ಪೋರ್ಟಿನಲ್ಲಿ ಅನೇಕ ಮಾನಿಟರುಗಳು 50 ಹರ್ಟ್ಸ್‌ಗೇ ನಿಂತುಬಿಡುತ್ತವೆ. ಪರದೆ ಸರಿಸುವಾಗ ತಡವರಿಕೆ ಕಣ್ಣಿಗೆ ಕಾಣಬಹುದು. ಎಚ್‌ಡಿಎಂಐ 2.0 ಅಥವಾ ಡಿಸ್‌ಪ್ಲೇಪೋರ್ಟ್ 1.2 ಇದ್ದರೆ 60 ಹರ್ಟ್ಸ್ ಸಲೀಸು.

ಯುಎಸ್‌ಬಿ-ಸಿ ವಿಷಯದಲ್ಲಿ ಎಚ್ಚರ ಬೇಕು. ಆಕಾರ ಒಂದೇ ಆದರೂ ಎಲ್ಲ ಪೋರ್ಟುಗಳೂ ಚಿತ್ರ ಕಳಿಸುವುದಿಲ್ಲ. ಫೋನ್ ಚಾರ್ಜರಿನ ಜೊತೆ ಬರುವ ಬಹುಪಾಲು ಕೇಬಲ್ಲುಗಳೂ ಅಷ್ಟೇ. ಸರಿಯಾದ ಜೋಡಿ ಸಿಕ್ಕರೆ, ಮಾನಿಟರಿನಲ್ಲಿ ಪವರ್ ಡೆಲಿವರಿ ಸೌಲಭ್ಯವೂ ಇದ್ದರೆ, ಅದೇ ಕೇಬಲ್ ಲ್ಯಾಪ್‌ಟಾಪನ್ನೂ ಚಾರ್ಜ್ ಮಾಡುತ್ತದೆ.

ಕಪ್ಪು ಪಟ್ಟಿ ಕಂಡರೆ ವಿಂಡೋಸ್ ಕೀ ಜೊತೆ ‘ಪಿ’ ಒತ್ತಿ, ‘ಡೂಪ್ಲಿಕೇಟ್’ ಬದಲು ‘ಎಕ್ಸ್‌ಟೆಂಡ್’ ಆರಿಸಿದರೆ ಸಾಕಾಗಬಹುದು. ವಿಂಡೋಸ್ 11ರಲ್ಲಿ ವಿಂಡೋಸ್ ಕೀ ಜೊತೆ ‘ಝಡ್’ ಒತ್ತಿದರೆ ಪರದೆಯನ್ನು ಮೂರು ಅಂಕಣವಾಗಿ ಹಂಚಿಕೊಳ್ಳಬಹುದು.

ಮಾನಿಟರ್ ಕೊಳ್ಳುವ ಮುನ್ನ ನಿಮ್ಮ ಲ್ಯಾಪ್‌ಟಾಪಿನ ಪೋರ್ಟು ಯಾವುದೆಂದು ಒಮ್ಮೆ ನೋಡಿಕೊಳ್ಳಿ.