ಶೀತದೇಶದಲ್ಲಿ ತಾಳೆಯ ಮರ

ತೆಂಗು, ಅಡಿಕೆ, ತಾಳೆ, ಈಚಲು, ಬೈನೆ ಎಂಬ ಮರಗಳನ್ನು ಅರಿಯದ ಕನ್ನಡಿಗರು ವಿರಳ. ನಮ್ಮ ಅಡಿಗೆಗೆ ಕಾಯಿ, ತಾಂಬೂಲಕ್ಕೆ ಅಡಿಕೆ, ಮಾಡಿಗೆ ಸೋಗೆ, ಕೈಗೆ ಬೀಸಣಿಗೆ, ಹಗ್ಗಕ್ಕೆ ನಾರು, ಇವೆಲ್ಲವನ್ನೂ ಈ ಮರಗಳೇ ಒದಗಿಸುತ್ತ ಬಂದಿವೆ. ಸಸ್ಯಶಾಸ್ತ್ರಜ್ಞರು ಇವನ್ನೆಲ್ಲ ಒಂದೇ ಕುಲಕ್ಕೆ ಸೇರಿಸಿದ್ದಾರೆ. ಅದನ್ನು ನಾವಿಲ್ಲಿ ತಾಳಕುಲವೆಂದು ಕರೆಯೋಣ. ಈ ಕುಲವು ಉಷ್ಣದೇಶಗಳ ಸೊತ್ತೆಂಬುದು ಸಾಮಾನ್ಯವಾದ ನಂಬಿಕೆ. ಅದು ಬಹುಮಟ್ಟಿಗೆ ನಿಜವೂ ಅಹುದು. ಆದರೂ ಹಿಮ ಬೀಳುವ ನಾಡುಗಳಲ್ಲಿ, ಗಾಜಿನ ಮನೆಯ ಆಸರೆಯಿಲ್ಲದೆ, ಬಯಲಿನಲ್ಲಿ ನಿಂತು ಬೆಳೆಯುವ ತಾಳೆಗಳೂ ಉಂಟು.

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಇಂದು ಇಂಗ್ಲೆಂಡು, ಸ್ಕಾಟ್ಲೆಂಡು ಮೊದಲಾದ ದೂರದೇಶಗಳಲ್ಲಿ ಸಂಸಾರ ಹೂಡಿದ್ದಾರೆ. ಮನೆಯ ಹಿಂದೆ ಒಂದು ತುಂಡು ಹಿತ್ತಲು ದೊರೆತೊಡನೆ ತವರಿನ ಹಿತ್ತಲು ನೆನಪಾಗುವುದು ಸಹಜ. ಅಲ್ಲೊಂದು ತೆಂಗನ್ನೋ ಅಡಿಕೆಯನ್ನೋ ಕಾಣಬೇಕೆಂಬ ಹಂಬಲವೂ ಸಹಜವೇ. ಅಂತಹ ಸೋದರಿಯರಿಗೆ ಉಪಯೋಗವಾಗಲೆಂದೂ, ಇಲ್ಲಿಯೇ ಇರುವ ತಾಯಿತಂದೆಗಳಿಗೆ ಕುತೂಹಲದ ವಿಷಯವಾಗಲೆಂದೂ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇವೆ.

ಮೊದಲು ಹೇಳಬೇಕಾದುದು ನಿರಾಶೆಯ ಮಾತು. ತೆಂಗು ಆ ದೇಶಗಳ ಬಯಲಿನಲ್ಲಿ ಬದುಕಲಾರದು. ನೀರು ಹೆಪ್ಪುಗಟ್ಟುವಷ್ಟು ಚಳಿ ಬೇಕಿಲ್ಲ. ಹತ್ತು ಡಿಗ್ರಿ ಸೆಂಟಿಗ್ರೇಡಿನ ಆಚೀಚೆಯ ಶೀತವು ಬಹುದಿನ ನಿಂತರೂ ಅದು ಸೊರಗತೊಡಗುತ್ತದೆ. ಅಡಿಕೆಯ ಗತಿಯೂ ಅಷ್ಟೆ. ಇದಕ್ಕೆ ಕಾರಣವನ್ನು ತಿಳಿಯಬೇಕಾದರೆ ತಾಳಕುಲದ ದೇಹರಚನೆಯನ್ನು ಸ್ವಲ್ಪ ನೋಡಬೇಕು.

ಮಾವು, ಹಲಸು, ಬೇವು ಮೊದಲಾದ ಮರಗಳಿಗೆ ಕೊಂಬೆಗೊಂದರಂತೆ ನೂರಾರು ಚಿಗುರುಗಳಿರುತ್ತವೆ. ಒಂದು ಕೊಂಬೆ ಒಣಗಿದರೆ ಮತ್ತೊಂದು ಚಿಗುರುವುದು. ಹೊರತೊಗಟೆಯ ಒಳಗೆ ವರ್ಷವರ್ಷವೂ ಹೊಸ ಮರದ ಸುತ್ತು ಬೆಳೆಯುವುದರಿಂದ ಹಳೆಯ ಗಾಯವೂ ಮಾಯುವುದು. ತಾಳಕುಲದ ಮರಗಳಿಗೆ ಈ ಎರಡು ಅನುಕೂಲಗಳೂ ಇಲ್ಲ. ಒಂದು ಕಾಂಡಕ್ಕೆ ಒಂದೇ ಸುಳಿ. ಎಲ್ಲ ಗರಿಗಳೂ ಹುಟ್ಟುವುದು ಆ ಸುಳಿಯ ಬುಡದಲ್ಲಿರುವ ಎಳೆಯ ಮೊಳಕೆಯಿಂದ. ಅದು ಸತ್ತರೆ ಆ ಕಾಂಡವೂ ಸತ್ತಂತೆ. ಕಾಂಡದೊಳಗೆ ನೀರನ್ನು ಮೇಲಕ್ಕೊಯ್ಯುವ ನಾಳಗಳೂ ಹಾಗೆಯೇ. ಅವು ಮರದ ಆಯುಷ್ಯವಿರುವವರೆಗೂ ಬಾಳಬೇಕು, ಅವುಗಳ ಸ್ಥಾನಕ್ಕೆ ಹೊಸವು ಬರುವಂತಿಲ್ಲ. ಚಳಿಯಲ್ಲಿ ಜೀವಕೋಶಗಳ ನಡುವೆ ನೀರು ಹೆಪ್ಪುಗಟ್ಟಿ, ಕೋಶದೊಳಗಿನ ನೀರನ್ನು ಹೊರಕ್ಕೆಳೆದು, ಅದರ ತೆಳುವಾದ ಪೊರೆಯನ್ನು ಕೆಡಿಸುತ್ತದೆ. ಗರಿಗಳು ಕೆಟ್ಟರೆ ಹೊಸ ಗರಿ ಬಂದೀತು. ಸುಳಿ ಕೆಟ್ಟರೆ ಬೇರೆ ದಾರಿಯಿಲ್ಲ. ಆದುದರಿಂದ ಶೀತದೇಶದಲ್ಲಿ ತಾಳೆಯನ್ನು ಬೆಳೆಸುವ ವಿದ್ಯೆಯೆಲ್ಲವೂ ಸುಳಿಯನ್ನು ಕಾಪಾಡುವ ವಿದ್ಯೆಯೇ ಆಗಿದೆ.

ಉತ್ತರದೇಶದವರಿಗೆ ತಾಳೆಯೆಂದರೆ ಬಹುಕಾಲ ಹೆಸರು ಮಾತ್ರವಾಗಿದ್ದಿತು. ಗರಿಗಳ ಭಾನುವಾರದ ಮೆರವಣಿಗೆಗೆ ಗರಿ ದೊರೆಯದೆ, ಇಂಗ್ಲೆಂಡಿನ ಹಳ್ಳಿಗಳಲ್ಲಿ ವಿಲೋ ಗಿಡದ ಕೊನೆಗಳನ್ನೂ ಯೂ ಮರದ ಕೊಂಬೆಗಳನ್ನೂ ಹಿಡಿದು ನಡೆಯುತ್ತಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ತಾಳೆಗಾಗಿ ಅರಮನೆಯಂತಹ ಮನೆಗಳನ್ನೇ ಕಟ್ಟಿದರು. ಲಂಡನ್ನಿನ ಬಳಿಯ ಕ್ಯೂ ಉದ್ಯಾನದಲ್ಲಿ ೧೮೪೮ರಲ್ಲಿ ಮುಗಿದ ಕಬ್ಬಿಣ ಮತ್ತು ಗಾಜಿನ ತಾಳೆಮನೆಯು ಇಂದಿಗೂ ನಿಂತಿದೆ. ಅದರೊಳಗೆ ಬೆಂಕಿಯ ಕಾವಿನಿಂದ ಉಷ್ಣದೇಶದ ಹವೆಯನ್ನು ಉಂಟುಮಾಡಿ ಗಿಡಗಳನ್ನು ಬೆಳೆಸಿದರು. ಸರಿಸುಮಾರು ಅದೇ ಕಾಲದಲ್ಲಿ, ಬೆಂಕಿಯನ್ನೂ ಗಾಜನ್ನೂ ಬೇಡದ ತಾಳೆಯೊಂದು ಚೀನಾ ದೇಶದಿಂದ ಹಡಗನ್ನೇರಿತು.

ಅದನ್ನು ಕಳುಹಿಸಿದವರು ಸ್ಕಾಟ್ಲೆಂಡಿನ ರಾಬರ್ಟ್ ಫಾರ್ಚೂನ್ (೧೮೧೨–೧೮೮೦) ಎಂಬವರು. ಈಸ್ಟ್ ಇಂಡಿಯಾ ಕಂಪೆನಿಯ ಪರವಾಗಿ ಚೀನಾದಿಂದ ಚಹದ ಗಿಡಗಳನ್ನು ಹಿಮಾಲಯದ ತಪ್ಪಲಿಗೆ ಸಾಗಿಸಿದವರೂ ಇವರೇ. ಆದುದರಿಂದ ಭಾರತೀಯರಿಗೆ ಇವರು ಕೇವಲ ಪರಕೀಯರಲ್ಲ. ಚೂಸಾನ್ ಎಂಬ ದ್ವೀಪದಲ್ಲಿ ಇವರು ಈ ತಾಳೆಯನ್ನು ಕಂಡರು. ಅಲ್ಲಿಯ ರೈತರು ಅದರ ಕಾಂಡವನ್ನು ಸುತ್ತಿಕೊಂಡಿರುವ ಕಂದು ನಾರಿನಿಂದ ಹಗ್ಗ ಹೊಸೆಯುತ್ತಿದ್ದರು. ನಮ್ಮ ಮಲೆನಾಡಿನ ಗೊರಬಿನ ಕೆಲಸವನ್ನೇ ಮಾಡುವ ಮಳೆಯ ಹೊದಿಕೆಯನ್ನೂ ಹೆಣೆಯುತ್ತಿದ್ದರು. ಇದಕ್ಕೆ ಮುಂಚೆಯೇ, ೧೮೩೦ರಲ್ಲಿ, ಸೀಬೋಲ್ಡ್ ಎಂಬ ಜರ್ಮನ್ ವೈದ್ಯರು ಈ ಜಾತಿಯನ್ನು ಜಪಾನಿನಿಂದ ಯೂರೋಪಿಗೆ ತಂದಿದ್ದರಾದರೂ, ಅದು ಇಂಗ್ಲೆಂಡಿನಲ್ಲಿ ಬಳಕೆಗೆ ಬಂದುದು ೧೮೪೯ರಲ್ಲಿ ಫಾರ್ಚೂನರ ಗಿಡಗಳು ಕ್ಯೂ ಉದ್ಯಾನಕ್ಕೆ ಮುಟ್ಟಿದ ಮೇಲೆಯೇ. ವೈಟ್ ದ್ವೀಪದ ಆಸ್ಬೋರ್ನ್ ಅರಮನೆಯ ತೋಟದಲ್ಲಿ ೧೮೫೧ರಲ್ಲಿ ವಿಕ್ಟೋರಿಯಾ ರಾಣಿಯವರೇ ಒಂದು ಗಿಡವನ್ನು ನೆಟ್ಟರು. ಸಸ್ಯಶಾಸ್ತ್ರದಲ್ಲಿ ಅದಕ್ಕೆ ಟ್ರ್ಯಾಕಿಕಾರ್ಪಸ್ ಫಾರ್ಚುನೈ ಎಂದು ಹೆಸರು; ಜನರು ಚೂಸಾನ್ ತಾಳೆ ಎನ್ನುತ್ತಾರೆ. ನಮ್ಮ ತಾಳೆಯಂತೆಯೇ ಬೀಸಣಿಗೆಯಾಕಾರದ ಎಲೆ. ಆದರೆ ಮರ ಸಣ್ಣದು, ಕಾಂಡ ತೆಳುವು, ಮೈಯೆಲ್ಲ ನಾರು. ಚೆನ್ನಾಗಿ ಬೇರೂರಿದ ಗಿಡವು ಸೊನ್ನೆಗಿಂತ ಹತ್ತು ಹನ್ನೆರಡು ಡಿಗ್ರಿ ಕೆಳಗಿನ ಚಳಿಯನ್ನೂ ಕೆಲವು ರಾತ್ರಿಗಳವರೆಗೆ ಸಹಿಸಬಲ್ಲದು.

ಹಿಮಕ್ಕೆ ಅಂಜದ ತಾಳೆಗಾಗಿ ಚೀನಾಕ್ಕೇ ಹೋಗಬೇಕಾಗಿಲ್ಲವೆಂಬುದನ್ನೂ ಇಲ್ಲಿ ಹೇಳಬೇಕು. ಇದೇ ಜಾತಿಯ ಸೋದರಿಯೊಂದು ನಮ್ಮ ದೇಶದ ಕುಮಾವೂನ್ ಬೆಟ್ಟಗಳಲ್ಲಿ, ಚಳಿಗಾಲದಲ್ಲಿ ಹಿಮ ಬೀಳುವ ಎತ್ತರದಲ್ಲಿ, ಓಕ್ ಮರಗಳ ನಡುವೆ ಬೆಳೆಯುತ್ತದೆ. ಇಟಲಿಯ ಬೆಕ್ಕಾರಿ ಎಂಬ ವಿದ್ವಾಂಸರು ೧೯೦೫ರಲ್ಲಿ ಅದಕ್ಕೆ ಟ್ರ್ಯಾಕಿಕಾರ್ಪಸ್ ಟಕಿಲ್ ಎಂದು ಹೆಸರಿಟ್ಟರು. ಯೂರೋಪಿಗೆ ತನ್ನದೇ ಆದ ಗಿಡ್ಡ ತಾಳೆಯೂ ಉಂಟು. ಕೆಮೆರಾಪ್ಸ್ ಎಂಬ ಈ ಗಿಡವು ಮೆಡಿಟರೇನಿಯನ್ ಸಮುದ್ರದ ಪಶ್ಚಿಮ ತೀರಗಳಲ್ಲಿ ತಾನಾಗಿಯೇ ಬೆಳೆಯುತ್ತದೆ. ಇಟಲಿಯ ಪಾದುವಾ ನಗರದ ಸಸ್ಯೋದ್ಯಾನದಲ್ಲಿ ೧೫೮೫ರಲ್ಲಿ ನೆಟ್ಟ ಒಂದು ಕೆಮೆರಾಪ್ಸ್ ಇನ್ನೂ ಜೀವಂತವಾಗಿದೆ. ಜರ್ಮನಿಯ ಮಹಾಕವಿ ಗಯಟೆಯವರು ೧೭೮೬ರಲ್ಲಿ ಅದನ್ನು ನೋಡಿ, ಎಲೆಗಳ ರೂಪಾಂತರವನ್ನು ಕುರಿತು ಆಲೋಚಿಸಿದರು. ೧೭೯೦ರಲ್ಲಿ ಆ ವಿಷಯವಾಗಿ ಪುಸ್ತಕವನ್ನೂ ಬರೆದರು.

ಇನ್ನು ದೇಶದ ಹವೆಯ ವಿಚಾರ. ಲಂಡನ್ ನಗರವೂ ಕೆನಡಾದ ಕ್ಯಾಲ್ಗರಿ ನಗರವೂ ಭೂಮಧ್ಯರೇಖೆಯಿಂದ ಸುಮಾರು ೫೧ ಡಿಗ್ರಿ ಉತ್ತರದಲ್ಲಿವೆ. ಆದರೂ ಕ್ಯಾಲ್ಗರಿಯ ಚಳಿಗಾಲದಲ್ಲಿ ತಾಳೆಯ ಮಾತನ್ನೇ ಎತ್ತುವಂತಿಲ್ಲ. ಲಂಡನ್ನಿನಲ್ಲಿ ಅದು ಬೀದಿಬದಿಯ ತೋಟಗಳಲ್ಲಿಯೇ ಕಾಣಸಿಗುತ್ತದೆ. ಅಟ್ಲಾಂಟಿಕ್ ಸಾಗರದ ಬೆಚ್ಚನೆಯ ಪ್ರವಾಹವೂ, ಅದರ ಮೇಲಿಂದ ಬೀಸಿ ಬರುವ ಪಶ್ಚಿಮದ ಗಾಳಿಯೂ ಬ್ರಿಟನ್ನಿನ ಚಳಿಗಾಲವನ್ನು ಮೃದುಗೊಳಿಸುತ್ತವೆ. ಸ್ಕಾಟ್ಲೆಂಡಿನ ನೈಋತ್ಯ ಮೂಲೆಯ ಲೋಗನ್ ಸಸ್ಯೋದ್ಯಾನದಲ್ಲಿಯೂ ಚೂಸಾನ್ ತಾಳೆಗಳು ಬಯಲಿನಲ್ಲಿ ನಿಂತಿರುವುದು ಇದರಿಂದಲೇ. ಇನ್ನೂ ಉತ್ತರದ ಪ್ಲಾಕ್ಟನ್ ಎಂಬ ಕಡಲತೀರದ ಹಳ್ಳಿಯಲ್ಲಿ ತಾಳೆಗಳಿವೆಯೆಂದು ಯಾತ್ರಿಕರು ಬೆರಗಾಗುವುದುಂಟು. ಅವು ವಾಸ್ತವವಾಗಿ ನ್ಯೂಜೀಲೆಂಡಿನ ಕಾರ್ಡಿಲೈನ್ ಗಿಡಗಳು. ನೋಡಲು ತಾಳೆಯಂತಿದ್ದರೂ ಕುಲ ಬೇರೆ. ಗಿಡ ಕೊಳ್ಳುವಾಗ ಈ ವ್ಯತ್ಯಾಸವನ್ನು ವಿಚಾರಿಸಿಕೊಳ್ಳುವುದು ಒಳ್ಳೆಯದು.

ಚಳಿಯನ್ನು ಸಹಿಸುವ ಶಕ್ತಿಯೊಂದೇ ಸಾಲದೆಂಬುದು ಮತ್ತೊಂದು ವಿಶೇಷ. ಅಮೆರಿಕದ ಆಗ್ನೇಯ ಭಾಗದ ಸೂಜಿತಾಳೆಯೂ, ಅಲ್ಲಿಯದೇ ಆದ ಗಿಡ್ಡ ಸಬಾಲ್ ತಾಳೆಯೂ ಚೂಸಾನ್ ತಾಳೆಗಿಂತ ಹೆಚ್ಚಿನ ಚಳಿಯನ್ನು ತಡೆಯುತ್ತವೆ; ಅವುಗಳ ಸುಳಿಯು ನೆಲಕ್ಕೆ ಹತ್ತಿಯೇ ಇರುವುದು ಅದಕ್ಕೊಂದು ಕಾರಣ. ಆದರೆ ಬ್ರಿಟನ್ನಿನಲ್ಲಿ ಇವು ಏಳಿಗೆ ಹೊಂದುವುದಿಲ್ಲ. ಅವುಗಳ ತವರಿನಲ್ಲಿ ಬೇಸಗೆಯು ದೀರ್ಘವೂ ಕಾವುಳ್ಳದ್ದೂ ಆಗಿರುತ್ತದೆ. ಆ ಕಾವಿನಲ್ಲಿ ಕೂಡಿಟ್ಟ ಬಲದಿಂದಲೇ ಅವು ಚಳಿಗಾಲವನ್ನು ಕಳೆಯುತ್ತವೆ. ತಂಪಾದ ಬೇಸಗೆಯಲ್ಲಿ ವರ್ಷಕ್ಕೆ ಒಂದೆರಡು ಎಲೆ ಬಿಡುವುದೂ ಅವಕ್ಕೆ ಕಷ್ಟ. ಚೂಸಾನ್ ತಾಳೆಯಾದರೋ ಬೆಟ್ಟದ ತಂಪಿಗೆ ಹುಟ್ಟಿನಿಂದಲೇ ಒಗ್ಗಿದುದು. ಅಂತೆಯೇ ಬ್ರಿಟನ್ನಿನಲ್ಲಿ ಅದಕ್ಕೇ ಅಗ್ರಸ್ಥಾನ.

ನೆಡುವ ಕ್ರಮವನ್ನು ಸಂಕ್ಷೇಪವಾಗಿ ಹೇಳುತ್ತೇವೆ. ವಸಂತದ ಕೊನೆಯಲ್ಲಿ, ಇಬ್ಬನಿ ಹೆಪ್ಪುಗಟ್ಟುವ ಕಾಲ ಕಳೆದ ಮೇಲೆ ನೆಡಬೇಕು. ಬೇಸಗೆಯೆಲ್ಲ ಬೇರೂರಲು ದೊರೆಯುತ್ತದೆ. ಗಾಳಿಯು ಎಲೆಗಳನ್ನು ಸೀಳಿ ಹಾಕುವುದರಿಂದ ಮನೆಯ ಗೋಡೆಯ ಅಥವಾ ದಟ್ಟವಾದ ಬೇಲಿಯ ಮರೆಯನ್ನು ಆರಿಸಿಕೊಳ್ಳಬೇಕು. ನೀರು ನಿಲ್ಲುವ ಜೇಡಿಯ ನೆಲವಾದರೆ ಜಲ್ಲಿ ಬೆರೆಸಿ ಮಡಿಯನ್ನು ಎತ್ತರಿಸಬೇಕು. ತೀರ ಎಳೆಯ ಸಸಿಯನ್ನು ಮೊದಲ ಕೆಲವು ವರ್ಷ ಕುಂಡದಲ್ಲಿಯೇ ಬೆಳೆಸಿ, ಚಳಿಗಾಲದಲ್ಲಿ ಒಳಗಿಟ್ಟು, ಮೊಣಕಾಲೆತ್ತರವಾದ ಮೇಲೆ ನೆಲಕ್ಕಿಳಿಸುವುದು ಕ್ಷೇಮ.

ಇನ್ನು ಚಳಿಗಾಲದ ಆರೈಕೆ. ಹೊಸಬರು ಚಳಿಯೊಂದನ್ನೇ ಶತ್ರುವೆಂದು ತಿಳಿದು ಗಿಡವನ್ನು ಕಂಬಳಿ, ಗೋಣಿ, ಹಾಳೆಗಳಿಂದ ಬಿಗಿದು ತಿಂಗಳುಗಟ್ಟಲೆ ಬಿಡುತ್ತಾರೆ. ಆದರೆ ಚಳಿಗಿಂತ ಹೆಚ್ಚಿನ ಶತ್ರು ಸುಳಿಯಲ್ಲಿ ನಿಂತ ನೀರು. ಮಳೆಯ ನೀರು ಸುಳಿಯೊಳಗೆ ಇಳಿದು, ರಾತ್ರಿ ಹೆಪ್ಪುಗಟ್ಟಿ ಎಳೆಯ ಅಂಗಾಂಶವನ್ನು ಗಾಯಗೊಳಿಸುತ್ತದೆ. ಹಗಲು ಕರಗಿದಾಗ ಆ ಗಾಯದಲ್ಲಿ ಕೊಳೆಯನ್ನುಂಟುಮಾಡುವ ಶಿಲೀಂಧ್ರಗಳು ನೆಲೆಗೊಳ್ಳುತ್ತವೆ. ಗಾಳಿಯಾಡದ ಕಟ್ಟು ಈ ಕೊಳೆಯನ್ನೇ ಪೋಷಿಸುತ್ತದೆ. ಇದರ ಮರ್ಮವನ್ನು ಮಲೆನಾಡಿನ ತೋಟಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮಳೆಗಾಲಕ್ಕೆ ಮುಂಚೆ ಅಡಿಕೆಯ ಗೊನೆಗಳಿಗೆ ಕೊಟ್ಟೆ ಕಟ್ಟುತ್ತಿದ್ದವರು ನಮ್ಮ ಹಿರಿಯರೇ ಅಲ್ಲವೇ? ಅವರು ಮರವನ್ನೆಲ್ಲ ಮುಚ್ಚಲಿಲ್ಲ. ಮಳೆ ತಾಗಬಾರದ ಕಡೆಗೆ ಮಾತ್ರ ಮರೆಮಾಡಿದರು. ಶೀತದೇಶದಲ್ಲಿಯೂ ಅಷ್ಟೇ ಸಾಕು. ಎಳೆಯ ಗಿಡದ ಸುಳಿಯ ಮೇಲೆ ಮಳೆ ಬೀಳದಂತೆ ಸಣ್ಣದೊಂದು ಚಪ್ಪರ ಹಾಕಿ, ಸುತ್ತ ಗಾಳಿಯಾಡಲು ಬಿಡಬೇಕು. ತೀಕ್ಷ್ಣವಾದ ಚಳಿ ಬರುವ ಸೂಚನೆ ದೊರೆತಾಗ ಗರಿಗಳನ್ನು ಮೇಲಕ್ಕೆ ಸೇರಿಸಿ ಕಟ್ಟಿ, ಒಣಹುಲ್ಲನ್ನೋ ತೆಳುವಾದ ಬಟ್ಟೆಯನ್ನೋ ಸುತ್ತಬೇಕು. ಚಳಿ ಇಳಿದೊಡನೆ ಬಿಚ್ಚಬೇಕು. ಬುಡಕ್ಕೆ ತರಗೆಲೆಯ ಹೊದಿಕೆ ಹಾಕಿದರೆ ಬೇರುಗಳು ಹೆಪ್ಪುಗಟ್ಟವು.

ಸರಾಸರಿ ಚಳಿಯನ್ನು ನಂಬಿ ಮೈಮರೆಯಲಾಗದು. ಇಂಗ್ಲೆಂಡಿನ ನೈಋತ್ಯಕ್ಕಿರುವ ಸಿಲ್ಲಿ ದ್ವೀಪಗಳ ಟ್ರೆಸ್ಕೊ ಉದ್ಯಾನದಲ್ಲಿ ಹೆಪ್ಪುಗಟ್ಟುವ ಚಳಿಯೇ ಅಪರೂಪ. ಆದರೂ ೧೯೮೭ರ ಜನವರಿಯಲ್ಲಿ ಬಿದ್ದ ಹಿಮವೂ ಕೊರೆತವೂ ಅನೇಕ ವರ್ಷಗಳ ಶ್ರಮದ ಫಲವಾದ ಸಸ್ಯಗಳಲ್ಲಿ ಬಹುಭಾಗವನ್ನು ಕೆಲವೇ ದಿನಗಳಲ್ಲಿ ನಾಶಮಾಡಿದವು. ಗಿಡದ ಅಳಿವು ಉಳಿವುಗಳನ್ನು ನಿರ್ಣಯಿಸುವುದು ನೂರು ಸೌಮ್ಯವಾದ ರಾತ್ರಿಗಳಲ್ಲ, ಒಂದು ಕಠೋರವಾದ ರಾತ್ರಿ.

ಇಷ್ಟಾಗಿಯೂ ವಸಂತದಲ್ಲಿ ಸುಳಿಯ ಗರಿಯನ್ನು ಹಿಡಿದೆಳೆದರೆ ಅದು ಕೈಗೇ ಬಂದುಬಿಡಬಹುದು. ಬುಡವು ಕೊಳೆತು ನಾರುತ್ತಿರಬಹುದು. ಆಗ ಗಿಡ ಸತ್ತಿತೆಂದು ಕಿತ್ತೆಸೆಯಬಾರದು. ಕೊಳೆತುದನ್ನು ತೆಗೆದು, ಗುಣಿಯೊಳಗೆ ನೀರು ಬೀಳದಂತೆ ಮರೆಮಾಡಿ ಒಣಗಲು ಬಿಡಬೇಕು. ತಾಮ್ರದ ಔಷಧವನ್ನು ಹಾಕುವ ರೂಢಿಯೂ ಉಂಟು. ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ನರು ೧೯೧೦ರಲ್ಲಿ ಅಡಿಕೆಯ ಕೊಳೆರೋಗದ ಕಾರಣವನ್ನು ವಿವರಿಸಿ ಪ್ರಕಟಿಸಿದರು. ಮೈಲುತುತ್ತ ಮತ್ತು ಸುಣ್ಣ ಸೇರಿದ ಬೋರ್ಡೋ ದ್ರಾವಣವು ನಮ್ಮ ತೋಟಗಳಲ್ಲಿ ಇಂದಿಗೂ ಬಳಕೆಯಲ್ಲಿದೆ. ಪರದೇಶಗಳಲ್ಲಿ ಇಂತಹ ಔಷಧಗಳಿಗೆ ನಿಯಮಗಳಿರುವುದರಿಂದ ಮೊದಲು ವಿಚಾರಿಸಿಕೊಳ್ಳತಕ್ಕದ್ದು. ಮೊಳಕೆಯು ಒಳಗೆ ಜೀವದಿಂದಿದ್ದರೆ, ಬೇಸಗೆಯ ನಡುವಿನಲ್ಲಿ ಕುಂಠಿತವಾದ ಒಂದು ಎಲೆ ತಲೆಯೆತ್ತುವುದು. ಅದರ ಹಿಂದಿನದು ಸರಿಯಾಗಿರುವುದು. ಆದುದರಿಂದ ಬೇಸಗೆ ಮುಗಿಯುವವರೆಗೂ ತಾಳ್ಮೆಯಿಂದ ಕಾಯಬೇಕು.

ಕೊನೆಯದಾಗಿ ಒಂದು ಎಚ್ಚರಿಕೆಯ ಮಾತು. ಗಿಡ ಉಳಿಯದಿರುವುದು ಒಂದು ಕಷ್ಟವಾದರೆ, ಅತಿಯಾಗಿ ಉಳಿಯುವುದು ಇನ್ನೊಂದು ಕಷ್ಟ. ಸ್ವಿಟ್ಜರ್ಲೆಂಡಿನ ದಕ್ಷಿಣದ ಟಿಚೀನೊ ಪ್ರಾಂತ್ಯದಲ್ಲಿ ಸರೋವರಗಳ ದಡದ ತೋಟಗಳಿಗೆ ಅಲಂಕಾರಕ್ಕೆಂದು ಚೂಸಾನ್ ತಾಳೆಯನ್ನು ತಂದರು. ಹಕ್ಕಿಗಳು ಅದರ ನೀಲಿ ಕಪ್ಪಿನ ಹಣ್ಣುಗಳನ್ನು ತಿಂದು ಬೀಜವನ್ನು ಕಾಡಿಗೆ ಒಯ್ದವು. ಚಳಿಗಾಲಗಳು ಮೃದುವಾಗುತ್ತ ಬಂದಂತೆ ಸಸಿಗಳು ಉಳಿದುಕೊಂಡು, ಕಾಡಿನ ಕೆಳಹಂತವನ್ನು ಆಕ್ರಮಿಸಿ, ಆ ನೆಲದ ಮರಗಳ ಎಳೆಯ ಸಸಿಗಳಿಗೆ ಬೆಳಕಿಲ್ಲದಂತೆ ಮಾಡುತ್ತಿವೆ. ಈ ಕಾರಣದಿಂದ ೨೦೨೪ರ ಸೆಪ್ಟೆಂಬರಿನಿಂದ ಆ ದೇಶದಲ್ಲಿ ಇದರ ಮಾರಾಟವನ್ನೇ ನಿಷೇಧಿಸಲಾಗಿದೆ. ಈ ಜಾತಿಯಲ್ಲಿ ಗಂಡು ಹೆಣ್ಣುಗಳು ಸಾಮಾನ್ಯವಾಗಿ ಬೇರೆ ಬೇರೆ ಮರಗಳು. ಕಾಡಿನ ಸಮೀಪದಲ್ಲಿ ವಾಸಿಸುವವರು ಕಾಯಿ ಕಟ್ಟುವ ಮುನ್ನವೇ ಹೂಗೊನೆಯನ್ನು ಕತ್ತರಿಸಿಹಾಕಿದರೆ ನೆರೆಯ ಕಾಡಿಗೆ ಅನ್ಯಾಯವಾಗದು.

ಹೆಣ್ಣುಮಕ್ಕಳನ್ನು ದೂರದೇಶಗಳಿಗೆ ಕಳುಹಿಸಿಕೊಟ್ಟಿರುವ ತಾಯಿತಂದೆಗಳು ಈ ಲೇಖನವನ್ನು ಓದುತ್ತಿರಬಹುದು. ಅವರಿಗೆ ಈ ಗಿಡದ ನಡತೆಯಲ್ಲಿ ಪರಿಚಿತವಾದುದೇನಾದರೂ ಕಂಡರೆ ಆಶ್ಚರ್ಯವಿಲ್ಲ. ಎಳೆತನದಲ್ಲಿ ಸುಳಿಗೆ ಮರೆ ಬೇಕು; ಆ ಮರೆ ಉಸಿರುಕಟ್ಟಿಸುವಂತಿರಬಾರದು; ಬೇರೂರಿದ ಮೇಲೆ ಬಿಚ್ಚಿ ಬಿಡಬೇಕು. ಹೋದ ನೆಲದಲ್ಲಿ ಅದು ತಾನೂ ಬಾಳಿ, ಅಲ್ಲಿಯ ಮರಗಳಿಗೂ ಬೆಳಕನ್ನು ಬಿಟ್ಟುಕೊಟ್ಟರೆ, ನೆಟ್ಟವರ ಶ್ರಮ ಸಾರ್ಥಕವಾಯಿತೆಂದು ನಾವು ಭಾವಿಸುತ್ತೇವೆ.