ಪಕ್ಕಿ, ಹಕ್ಕಿ, ಫೋಗೆಲ್

ಕಾಪು, ಕಾರ್ಕಳದ ತುಳುವರ ಮನೆಯಂಗಳಕ್ಕೆ ಹಾರಿಬಂದು ಕೂತದ್ದು ಪಕ್ಕಿ. ಘಟ್ಟ ಹತ್ತಿದರೆ ಅದೇ ಹಕ್ಕಿ. ಮಂಡ್ಯದ ಕಡೆಯ ಆಡುಮಾತಿನಲ್ಲಿ ‘ಹ’ವೂ ಉದುರಿ ಬರೀ ಅಕ್ಕಿ! ಅಲ್ಲಿ ಅಕ್ಕಿಯೇ ಅಕ್ಕಿ ತಿನ್ನುತ್ತದೆ, ಕೇಳುವವರಿಗೇನೂ ಗೊಂದಲವಿಲ್ಲ.

ಜರ್ಮನರಿಗೆ ಹಕ್ಕಿ ಎಂದರೆ ‘ಫೋಗೆಲ್’. ಬರೆಯುವುದು ‘ವಿ’ ಅಕ್ಷರ, ಉಲಿಯುವುದು ‘ಫ’. ಮಣಿಪಾಲದಲ್ಲಿ ಹೊಸದಾಗಿ ಜರ್ಮನ್ ಕಲಿಯುವವರು ಎಡವುವ ಜಾಗ ಇದು. ಕಿನ್ನರ ಕಥೆಗಳನ್ನು ಸಂಗ್ರಹಿಸಿದ ಗ್ರಿಮ್ ಸೋದರರಲ್ಲಿ ಹಿರಿಯನಾದ ಯಾಕೊಬ್ ಗ್ರಿಮ್ 1822ರಲ್ಲಿ ಒಂದು ನಿಯಮವನ್ನು ವಿವರಿಸಿದ. ಸಂಸ್ಕೃತ ಉಳಿಸಿಕೊಂಡ ಹಳೆಯ ‘ಪ’ಕಾರ ಜರ್ಮನ್ ಬಳಗದಲ್ಲಿ ‘ಫ’ ಆಗಿದೆ: ಪಿತೃ–ಫಾಟರ್, ಪಾದ–ಫೂಸ್. ಫೋಗೆಲ್‌ನ ‘ಫ’ವೂ ಹೀಗೇ ಬಂದಿರಬೇಕು. ಹಾರು ಎಂಬರ್ಥದ ‘ಫ್ಲೀಗೆನ್’ ಅದರ ನಂಟ, ನಡುವೆ ಒಂದು ‘ಲ’ ಬಿದ್ದುಹೋಗಿದೆ ಎಂದು ಹಲವರ ಊಹೆ, ಎಲ್ಲರೂ ಒಪ್ಪಿದ್ದಲ್ಲ. ಇಂಗ್ಲಿಷಿನ ‘ಫೌಲ್’ ಇದರದೇ ಒಡಹುಟ್ಟು. ಒಂದು ಕಾಲಕ್ಕೆ ಎಲ್ಲ ಹಕ್ಕಿಗೂ ಸಲ್ಲುತ್ತಿದ್ದ ಆ ಪದ ಈಗ ಹೆಚ್ಚಾಗಿ ಕೋಳಿಗೂಡಿಗೆ ಇಳಿದಿದೆ.

ನಮ್ಮ ಪಕ್ಕಿಯೂ ಮೂಲತಃ ಮನೆಯದಲ್ಲ. ‘ಪಕ್ಷ’ ಅಂದರೆ ರೆಕ್ಕೆ, ಅದುಳ್ಳದ್ದು ಪಕ್ಷಿ. ಪ್ರಾಕೃತದಲ್ಲಿ ಪಕ್ಖಿ, ನಮ್ಮಲ್ಲಿ ಪಕ್ಕಿ. ಹಳಗನ್ನಡದ ‘ಪ’ಕಾರಗಳು ನಡುಗನ್ನಡದ ಹೊತ್ತಿಗೆ ‘ಹ’ ಆದಾಗ ಹೊರಗಿಂದ ಬಂದ ಪಕ್ಕಿಗೂ ವಿನಾಯಿತಿ ಸಿಗಲಿಲ್ಲ. ತುಳು ಮಾತ್ರ ಜಗ್ಗಲಿಲ್ಲ. ಹಾಲು ಅಲ್ಲಿ ಪೇರ್, ಹೂವು ಪೂ, ಹುಲಿ ಪಿಲಿ.

ಅರ್ಥಗಳ ಹಾರಾಟ ಇನ್ನೂ ವಿಚಿತ್ರ. ‘ಫೋಗೆಲ್‌ಫ್ರೈ’ ಎಂದರೆ ಮೊದಲು ಹಕ್ಕಿಯಂತೆ ಸ್ವತಂತ್ರ. ಮುಂದೆ ಅದೇ ಪದ ಕಾನೂನಿನ ರಕ್ಷಣೆ ಕಳೆದುಕೊಂಡವನಿಗೆ ಅಂಟಿತು. ಅವನನ್ನು ಯಾರು ಕೊಂದರೂ ಕೇಳುವವರಿಲ್ಲ, ಹೆಣ ಹಕ್ಕಿಗಳ ಪಾಲು. ‘ನಿನಗೆ ಹಕ್ಕಿ ಇದೆ’ ಎಂದು ಜರ್ಮನನೊಬ್ಬ ಹೇಳಿದರೆ ಹಿಗ್ಗಬೇಡಿ, ತಲೆ ಕೆಟ್ಟಿದೆ ಎಂದರ್ಥ.

ಇಂಥ ಹುಡುಕಾಟಕ್ಕೆ ನಮ್ಮಲ್ಲಿ ಸಾಮಗ್ರಿ ಧಾರಾಳ. ಬಾಸೆಲ್ ಮಿಷನ್‌ನ ಮ್ಯಾನರ್ ಅವರ ತುಳು ನಿಘಂಟು 1886ರಲ್ಲಿ, ಜರ್ಮನಿಯ ಕಿಟ್ಟೆಲ್ ಅವರ ಕನ್ನಡ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದವು. ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರ ಯು. ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ ಆರು ಸಂಪುಟಗಳ ತುಳು ನಿಘಂಟನ್ನೇ ತಂದಿದೆ. ಪುಸ್ತಕ ಬೇಡವೆಂದರೆ ವಿಟ್ಲಪಿಂಡಿಯ ದಿನ ಉಡುಪಿಯ ರಥಬೀದಿಗೆ ಬನ್ನಿ. ತಾಸೆಯ ಪೆಟ್ಟಿಗೆ ಕುಣಿಯುವುದು ಪಿಲಿ. ಕನ್ನಡ ಬಿಟ್ಟುಕೊಟ್ಟ ‘ಪ’ ಅಲ್ಲಿದೆ.