ಮೂಳೆ ಕೂಡಿತು, ದುಡಿಮೆ ಕೂಡಲಿಲ್ಲ

ಎಳನೀರು ಕೆತ್ತುವವರ ಎಡಗೈಯನ್ನು ಗಮನಿಸಿ ನೋಡಿ. ಮಚ್ಚು ಇರುವುದು ಬಲಗೈಯಲ್ಲಿ, ನಮ್ಮ ಕಣ್ಣು ಹೋಗುವುದೂ ಅದರ ಮೇಲೆಯೇ. ಆದರೆ ಕಾಯಿಯನ್ನು ಅಂಗೈಯಲ್ಲಿ ಹೊತ್ತು, ಏಟಿಗೊಮ್ಮೆ ಒಂದಿಷ್ಟು ತಿರುಗಿಸಿ, ಆ ಏಟಿನ ಅದುರನ್ನೆಲ್ಲ ತಾಳಿಕೊಳ್ಳುವುದು ಎಡಗೈ. ರಸ್ತೆ ಅಪಘಾತದಲ್ಲಿ ಆ ಕೈಯ ಮಣಿಕಟ್ಟಿನ ಮೂಳೆ ಮುರಿದು, ಸೊಟ್ಟಗೆ ಕೂಡಿಕೊಂಡು, ಅಂಗೈ ಮೇಲಕ್ಕೆ ತಿರುಗುವುದೇ ನಿಂತುಹೋಯಿತು ಎಂದುಕೊಳ್ಳಿ. ಉಣ್ಣಲು, ಸಹಿ ಹಾಕಲು ಬಲಗೈ ಇದೆ. ಹಾಗಾಗಿ ಅಂಗವೈಕಲ್ಯ ಪ್ರಮಾಣಪತ್ರದಲ್ಲಿ ಬರುವ ಅಂಕಿ ಚಿಕ್ಕದು. ಎಳನೀರಿನ ವಹಿವಾಟಿಗೇ ಹೆಸರಾದ ಮದ್ದೂರಿನಲ್ಲಿ ಮಾತ್ರ ಆತನ ಕಸುಬು ಅಲ್ಲಿಗೆ ಮುಗಿಯಿತು. ದೇಹದ ಊನ ಬೇರೆ, ದುಡಿಮೆಯ ನಷ್ಟ ಬೇರೆ ಎಂಬುದನ್ನು ಒಪ್ಪಲು ನಮ್ಮ ನ್ಯಾಯವ್ಯವಸ್ಥೆಗೆ ದಶಕಗಳೇ ಹಿಡಿದವು. ಒಪ್ಪಿದ ಮೇಲೂ, ಎರಡನೆಯದನ್ನು ಅಳೆಯಬಲ್ಲ ಪುನಶ್ಚೇತನ ತಜ್ಞರನ್ನು ಸಾಕ್ಷಿಕಟ್ಟೆಗೆ ಕರೆಯುವ ರೂಢಿ ಬೆಳೆದಿಲ್ಲ. ಅದು ಬೆಳೆಯಬೇಕು ಎಂಬುದು ನನ್ನ ವಾದ.

ಮೊದಮೊದಲು ಈ ಲೆಕ್ಕಕ್ಕೆ ವೈದ್ಯರ ವಿವೇಚನೆ ಅಷ್ಟಾಗಿ ಬೇಕಿರಲಿಲ್ಲ. 1923ರ ಕಾರ್ಮಿಕರ ಪರಿಹಾರ ಕಾಯ್ದೆಯ ಕೊನೆಯಲ್ಲಿ ಅಂಗಕ್ಕೆ ಇಷ್ಟು ಎಂದು ಬರೆದ ಪಟ್ಟಿಯೇ ಇತ್ತು. ತಿದ್ದುಪಡಿಗಳಾದ ಮೇಲೆ ಅದರಲ್ಲಿ ಹೆಬ್ಬೆರಳು ಹೋದರೆ ಶೇ 30, ಒಂದು ಕೈಯ ನಾಲ್ಕು ಬೆರಳು ಹೋದರೆ ಶೇ 50, ಇಡೀ ಹಸ್ತ ಹೋದರೆ ಶೇ 60. ಆಲೆಮನೆಯ ಗಾಣಕ್ಕೆ ಜಲ್ಲೆ ಕೊಡುವವನ ಹೆಬ್ಬೆರಳಿಗೂ ಗುಮಾಸ್ತನ ಹೆಬ್ಬೆರಳಿಗೂ ಅಲ್ಲಿ ಒಂದೇ ಅಂಕಿ. ಮೋಟಾರು ವಾಹನ ಕಾಯ್ದೆಗೆ 1956ರಲ್ಲಿ ತಿದ್ದುಪಡಿಯಾಗಿ ಕ್ಲೇಮ್ಸ್ ಟ್ರಿಬ್ಯೂನಲ್‌ಗಳು ಹುಟ್ಟಿದವು. ರಸ್ತೆ ಗಾಯಾಳುವಿಗೆ ಅಂಥ ಪಟ್ಟಿ ಇರಲಿಲ್ಲ, ನ್ಯಾಯಯುತ ಪರಿಹಾರ ಎಷ್ಟೆಂದು ಟ್ರಿಬ್ಯೂನಲ್ಲೇ ನಿರ್ಧರಿಸಬೇಕಿತ್ತು. ಹೀಗೆ ಮೂಳೆ ವೈದ್ಯರು ಕೇಸ್ ಶೀಟು, ಎಕ್ಸ್‌-ರೇ ಹಿಡಿದು ಕೋರ್ಟಿನ ಮೆಟ್ಟಿಲು ಹತ್ತಿದರು. ಕೈಕಾಲಿನ ಊನದ ಮೂರನೇ ಒಂದು ಭಾಗವನ್ನು ಇಡೀ ದೇಹದ ಊನವೆಂದು ಹಿಡಿದು, ಆದಾಯದಿಂದ ಗುಣಿಸಿ ಮುಗಿಸುವ ವಾಡಿಕೆಯೂ ನಮ್ಮಲ್ಲಿ ಬೇರೂರಿತು.

ವೈದ್ಯರ ಅಳತೆಗೋಲು ಕುರುಡಾಗಿತ್ತು ಎಂದು ನಾನು ಹೇಳುತ್ತಿಲ್ಲ. ಕಾಲಿನ ಊನ ಅಳೆಯಲು ನಮ್ಮ ದೇಶದಲ್ಲಿ ಬಳಸುವ ಮಾರ್ಗಸೂಚಿಯಲ್ಲಿ ಮೆಟ್ಟಿಲು ಹತ್ತುವುದು, ಇಳಿಜಾರಿನಲ್ಲಿ ನಡೆಯುವುದರ ಜೊತೆಗೆ ಕುಕ್ಕರಗಾಲಲ್ಲಿ ಕೂರುವುದು, ಚಕ್ಕಳಮಕ್ಕಳ ಹಾಕಿ ಕೂರುವುದೂ ಪರೀಕ್ಷೆಗಳೇ. ನೆಲದ ಮೇಲೆ ಕೂತು ಬದುಕುವ ಜನರನ್ನು ಕಂಡವರು ರೂಪಿಸಿದ ಅಳತೆ ಅದು. ಆದರೆ ಕುಕ್ಕರಗಾಲಲ್ಲಿ ಒಮ್ಮೆ ಕೂತು ಏಳುವುದು ಬೇರೆ. ದಿನವಿಡೀ ಬಗ್ಗಿ ಬುಡಕ್ಕೆ ಕಬ್ಬು ಕಡಿದು, ಹೊರೆ ಕಟ್ಟಿ, ತಲೆಗೇರಿಸಿ, ಹಲಗೆಯ ಮೇಲೆ ಹೆಜ್ಜೆಯಿಟ್ಟು ಲಾರಿಗೆ ತುಂಬುವುದು ಬೇರೆ. ಇದನ್ನು ಯಾವ ಎಕ್ಸ್‌-ರೇಯೂ ತೋರಿಸದು.

ನ್ಯಾಯಾಲಯಗಳು ಈ ಅಂತರವನ್ನು ಒಂದೊಂದೇ ಪ್ರಕರಣದಲ್ಲಿ ಕಂಡುಕೊಂಡವು. ಎಡಗೈ ಕಳೆದುಕೊಂಡ ಬಡಗಿಗೆ ದುಡಿಮೆ ಪೂರ್ತಿ ಹೋಯಿತೆಂದು ಸುಪ್ರೀಂ ಕೋರ್ಟ್ ಹೇಳಿದ್ದು 1975ರಲ್ಲಿ. 2008ರಲ್ಲಿ ನಮ್ಮದೇ ರಾಜ್ಯದ ಟ್ಯಾಂಕರ್ ಚಾಲಕರೊಬ್ಬರ ಸರದಿ. ಕಾಲು ತೆಗೆಸಿಕೊಂಡಿದ್ದ ಅವರ ಗಳಿಕೆ ನಷ್ಟವನ್ನು ಹೈಕೋರ್ಟ್ ಶೇ 65ಕ್ಕೆ ಇಳಿಸಿತ್ತು, ಸುಪ್ರೀಂ ಕೋರ್ಟ್ ಮತ್ತೆ ಶೇ 100 ಮಾಡಿತು. ಆದರೆ ತಳಹದಿ ಹಾಕಿದ್ದು 2010ರ ಅಕ್ಟೋಬರ್‌ನ ತೀರ್ಪು. ಬರೆದವರು ಕರ್ನಾಟಕ ಹೈಕೋರ್ಟಿನಲ್ಲಿ ಹಲವು ವರ್ಷ ನ್ಯಾಯಮೂರ್ತಿಯಾಗಿದ್ದ ಆರ್.ವಿ. ರವೀಂದ್ರನ್. ಬಲಗೈಗೆ ಶೇ 60, ಎಡಗಾಲಿಗೆ ಶೇ 80 ಊನವಾದರೆ ಮನುಷ್ಯನಿಗೆ ಶೇ 140 ಊನವಾಗುವುದಿಲ್ಲ ಎಂದು ಆ ತೀರ್ಪು ತಿಳಿಹೇಳಿತು. ಎಡಗೈ ಹೋದರೆ ಚಾಲಕನಿಗೂ ಬಡಗಿಗೂ ಎಲ್ಲವೂ ಹೋದಂತೆ, ಸರ್ಕಾರಿ ಗುಮಾಸ್ತನಿಗೆ ನೌಕರಿ ಉಳಿಯಬಹುದು ಎಂದೂ ವಿವರಿಸಿತು. ವೈದ್ಯರು ಹೇಳಬೇಕಾದ್ದು ಊನ ಎಷ್ಟೆಂದು, ಗಳಿಕೆ ಎಷ್ಟು ಹೋಯಿತೆಂದು ತೀರ್ಮಾನಿಸುವುದು ಟ್ರಿಬ್ಯೂನಲ್ ಎಂದು ಗೆರೆ ಎಳೆಯಿತು. ಗೆರೆ ಸರಿಯಾಗಿಯೇ ಇದೆ. ಆದರೆ ಗೆರೆಯ ಆಚೆ ಟ್ರಿಬ್ಯೂನಲ್ ಒಂಟಿಯಾಗಿ ನಿಂತಿದೆ. ಈ ಗಾಯಾಳು ಈಗ ಯಾವ ಕೆಲಸ ಮಾಡಬಲ್ಲ, ಎಷ್ಟು ಹೊತ್ತು ಮಾಡಬಲ್ಲ ಎಂದು ಅದಕ್ಕೆ ಹೇಳುವವರು ಯಾರು?

ಅದಕ್ಕೆ ತಜ್ಞರೇಕೆ, ನ್ಯಾಯಾಧೀಶರ ಲೋಕಜ್ಞಾನ ಸಾಲದೇ ಎಂದು ಕೇಳಬಹುದು. ಕರ್ನಾಟಕದ ತರಕಾರಿ ವ್ಯಾಪಾರಿಯೊಬ್ಬರ ಪ್ರಕರಣ ಇದಕ್ಕೆ ಉತ್ತರ ಕೊಡುತ್ತದೆ. ಕಾಲು ಕಳೆದುಕೊಂಡ ಅವರ ದುಡಿಮೆಯ ನಷ್ಟವನ್ನು ಸುಪ್ರೀಂ ಕೋರ್ಟ್ 2014ರಲ್ಲಿ ಶೇ 85 ಎಂದಿತು. ತರಕಾರಿ ಮಾರುವುದೆಂದರೆ ಬರೀ ಕೂತು ತೂಗುವುದಲ್ಲ, ಸಗಟು ಮಾರುಕಟ್ಟೆಯಿಂದ ತರಬೇಕು, ಗಾಡಿ ತಳ್ಳಬೇಕು ಎಂದು ಬಿಡಿಸಿ ಹೇಳಿತು. ಅದು ಲೋಕಜ್ಞಾನವೇ, ನಿಜ. ಆದರೆ ಅದು ದೊರೆತದ್ದು ದೆಹಲಿಯಲ್ಲಿ, ಎರಡು ಹಂತ ದಾಟಿದ ಮೇಲೆ. ಮಳವಳ್ಳಿಯ ಎಷ್ಟು ಕೂಲಿಗಾರರು ಅಲ್ಲಿವರೆಗೆ ಹೋದಾರು? ತಲೆಗೆ ಪೆಟ್ಟು ಬಿದ್ದವರಲ್ಲಂತೂ ಲೋಕಜ್ಞಾನ ಸೋಲುತ್ತದೆ. ಕೈಕಾಲು ನೆಟ್ಟಗಿದ್ದು, ನೆನಪು, ಸಿಟ್ಟು, ಗಮನ ಕೆಟ್ಟವರನ್ನು ನೋಡಿದವರು ‘ಚೆನ್ನಾಗೇ ಇದ್ದಾನಲ್ಲ’ ಎನ್ನುತ್ತಾರೆ. ಆ ನಷ್ಟವನ್ನು ಪರೀಕ್ಷಿಸಿ ಬರೆದುಕೊಡಬಲ್ಲ ನಿಮ್ಹಾನ್ಸ್ ಬೆಂಗಳೂರಿನಲ್ಲಿದೆ. ಮಾತು, ಕಿವಿ ಹೋದವರಿಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಮಂಡ್ಯ ಇವೆರಡರ ನಡುವಿನ ದಾರಿಯಲ್ಲೇ ಇದೆ.

ದುಡ್ಡಿಗೆ ಸಿಗುವ ಪ್ರಮಾಣಪತ್ರಗಳ ಬಗ್ಗೆ ವಿಮಾ ಕಂಪನಿಗಳು ಎತ್ತುವ ಆಕ್ಷೇಪ ಗಟ್ಟಿಯಾದದ್ದು. ಚಿಕಿತ್ಸೆಯನ್ನೇ ಕೊಡದೆ ಶೇಕಡಾವಾರು ಬರೆಯುವವರ ಬಗ್ಗೆ 2010ರ ತೀರ್ಪೇ ಎಚ್ಚರಿಸಿದೆ. ಆದರೆ ಬರಿಯ ಅಂಕಿಯನ್ನು ಉಬ್ಬಿಸುವುದು ಸುಲಭ, ಎಷ್ಟು ಕೆ.ಜಿ. ಎತ್ತಿದ, ಎಷ್ಟು ನಿಮಿಷ ನಿಂತ, ಅಂಗೈ ಎಲ್ಲಿಯವರೆಗೆ ತಿರುಗಿತು ಎಂಬ ವಿವರವನ್ನು ಪಾಟೀಸವಾಲಿನಲ್ಲಿ ಕೆದಕಬಹುದು, ಮತ್ತೆ ಪರೀಕ್ಷಿಸಬಹುದು. ಸುಳ್ಳಿಗೆ ಮದ್ದು ಹೆಚ್ಚು ವಿವರ, ಕಡಿಮೆ ತಜ್ಞರಲ್ಲ. ವೈದ್ಯರ ಸಮಯ ಹಾಳಾಗುತ್ತದೆ ಎಂಬುದಕ್ಕೂ ಅದೇ ತೀರ್ಪು ದಾರಿ ತೋರಿದೆ: ಬಂದ ವೈದ್ಯರನ್ನು ಕಾಯಿಸಬೇಡಿ, ಅಗತ್ಯವಿದ್ದರೆ ಕಮಿಷನರ್ ಮೂಲಕ ಸಾಕ್ಷ್ಯ ದಾಖಲಿಸಿ.

ಕಾನೂನಿನ ಅಡ್ಡಿಯೂ ಇಲ್ಲ. ವಿಷಯದ ವಿಶೇಷ ಜ್ಞಾನವುಳ್ಳವರ ನೆರವು ಪಡೆಯಲು 1988ರ ಮೋಟಾರು ವಾಹನ ಕಾಯ್ದೆಯ 169(3)ನೇ ಕಲಂ ಟ್ರಿಬ್ಯೂನಲ್‌ಗೆ ಅಧಿಕಾರ ಕೊಟ್ಟಿದೆ. ಮಂಡ್ಯ, ಮದ್ದೂರು, ಮಳವಳ್ಳಿಯ ವಕೀಲರು ಗಂಭೀರ ಗಾಯದ ಪ್ರಕರಣಗಳಲ್ಲಿ ಈ ಕಲಂ ಅಡಿ ಅರ್ಜಿ ಹಾಕಲಿ. ಗಾಯಾಳುಗಳ ಮನೆಯವರಿಗೂ ಒಂದು ಮಾತು: ಡಿಸ್ಚಾರ್ಜ್ ಸಮ್ಮರಿ, ಎಕ್ಸ್‌-ರೇ ಜೋಪಾನವಾಗಿಡಿ. ಅಪಘಾತಕ್ಕೆ ಮೊದಲು ಅವರು ಬೆಳಗಿನಿಂದ ಸಂಜೆವರೆಗೆ ಏನೇನು ಕೆಲಸ ಮಾಡುತ್ತಿದ್ದರು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು, ಪರೀಕ್ಷೆಯ ದಿನ ವೈದ್ಯರ ಕೈಗೆ ಕೊಡಿ.